ಭಾಗ 2, ಭಾಗ 3, ಭಾಗ 25: ಸರಣಿ ಸಿನಿಮಾಗಳು ಹೊಸತಾಗಿ ಉಳಿಯಬಲ್ಲವೇ?

ಸಾಧನಕೇರಿ ಪ್ರೇಕ್ಷಕ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಮಗಳ ಒತ್ತಾಯಕ್ಕೆ ಹುಬ್ಬಳ್ಳಿಗೆ ಹೋಗಿ, ಹಲವು ವರ್ಷಗಳಿಂದ ಬರುತ್ತಿರುವ ಇಂಗ್ಲಿಷ್ ಸೂಪರ್‌ಹೀರೋ ಸರಣಿಯೊಂದರ ಹೊಸ ಭಾಗವನ್ನು ನೋಡಿ ಬಂದೆ. ಮಧ್ಯಂತರ ಬಂದರೂ ಯಾರಿಗೆ ಯಾರ ಮೇಲೆ ಏಕೆ ಸಿಟ್ಟು ಎಂಬುದು ನನಗೆ ತಿಳಿಯಲಿಲ್ಲ. ಕೇಳಿದರೆ, ಇದಕ್ಕೆ ಮುಂಚಿನ ನಾಲ್ಕು ಸಿನಿಮಾಗಳನ್ನೂ ಮೊಬೈಲಿನಲ್ಲಿ ಬಂದ ಎರಡು ಧಾರಾವಾಹಿಗಳನ್ನೂ ನೋಡಿಕೊಂಡು ಬರಬೇಕಿತ್ತು ಎಂದು ಮಗಳು ಹೇಳಿದಳು. ಕೊನೆಯಲ್ಲಿ ಹೆಸರುಗಳೆಲ್ಲ ಸರಿದುಹೋದ ಮೇಲೆ ಇನ್ನೊಂದು ತುಣುಕು ಬಂತು, ಅದೂ ಮುಂದಿನ ಭಾಗದ ಸುಳಿವು. ಕಥೆ ಮುಗಿಯಿತೆಂಬ ಸಮಾಧಾನವಿಲ್ಲದೆ ಎದ್ದು ಬಂದೆವು.

ನಾನು ಸರಣಿಗಳ ವಿರೋಧಿಯಲ್ಲ. ಪಿಯುಸಿ ಓದುವಾಗ ಧಾರವಾಡದಿಂದ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಜೇಮ್ಸ್ ಬಾಂಡ್ ನೋಡಿದವನು. 1962ರಲ್ಲಿ ಶುರುವಾದ ಆ ಸರಣಿ 2021ರ ಹೊತ್ತಿಗೆ 25 ಚಿತ್ರಗಳನ್ನು ಮುಟ್ಟಿದೆ, ಆರು ಮಂದಿ ನಟರು ಆ ಪಾತ್ರ ಮಾಡಿದ್ದಾರೆ. ಆದ್ದರಿಂದ ಪ್ರಾಮಾಣಿಕವಾಗಿಯೇ ಕೇಳುತ್ತಿದ್ದೇನೆ: ಇಷ್ಟು ದೀರ್ಘವಾಗಿ ಓಡುವ ಸಿನಿಮಾ ಸರಣಿ ಹೊಸತಾಗಿ ಉಳಿಯುವುದು ಸಾಧ್ಯವೇ? ಸಾಧ್ಯವಿದ್ದರೆ ಯಾವುದರ ಬಲದಿಂದ? ನಮ್ಮಲ್ಲೂ ಈಗ 'ಚಾಪ್ಟರ್'ಗಳ ಕಾಲ ಬಂದಿರುವುದರಿಂದ ಈ ಪ್ರಶ್ನೆ ಹಾಲಿವುಡ್ಡಿಗೆ ಮಾತ್ರ ಸೇರಿದ್ದಲ್ಲ.

ಕೊಪ್ಪಿಕರ ರಸ್ತೆಯವ (ಹುಬ್ಬಳ್ಳಿ)

ಸಾಧ್ಯವಿಲ್ಲ. ಹೊಸ ಕಥೆಗೆ ಹಣ ಹಾಕುವ ಧೈರ್ಯ ಇಲ್ಲದಿದ್ದಾಗ ಹಳೆಯ ಹೆಸರಿಗೆ ಹಣ ಹಾಕುತ್ತಾರೆ. ಧೈರ್ಯವಿಲ್ಲದ ಕಡೆಯಿಂದ ಹೊಸತನ ಹೇಗೆ ಬಂದೀತು?

ಹಾವೇರಿ ವಿದ್ಯಾರ್ಥಿನಿ

ಕೊಪ್ಪಿಕರ ರಸ್ತೆಯ ಅಣ್ಣನವರ ಮಾತನ್ನು ಒಪ್ಪಲಾರೆ. ಜಪಾನಿನ ಗಾಡ್ಜಿಲ್ಲಾ ಸರಣಿಯನ್ನೇ ನೋಡಿರಿ. ಮೊದಲ ಚಿತ್ರ ಬಂದದ್ದು 1954ರಲ್ಲಿ. ಅದೇ ವರ್ಷದ ಮಾರ್ಚಿನಲ್ಲಿ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿದ್ದಿತ್ತು. ಆ ಭಯವೇ ಆ ಪ್ರಾಣಿಯ ರೂಪ ತಾಳಿ ಟೋಕಿಯೋ ನಗರಕ್ಕೆ ನುಗ್ಗಿತು. ಆಮೇಲೆ ಭಾಗದ ಮೇಲೆ ಭಾಗ ಬಂದು, ಅರವತ್ತು ಎಪ್ಪತ್ತರ ದಶಕದಲ್ಲಿ ಅದೇ ಪ್ರಾಣಿ ಮಕ್ಕಳ ಗೆಳೆಯನಾಗಿ ಬೇರೆ ಪ್ರಾಣಿಗಳೊಡನೆ ಕುಸ್ತಿ ಆಡುವ ಮಟ್ಟಕ್ಕೆ ಇಳಿಯಿತು. 1975ರಲ್ಲಿ ನಿಂತಿತು, 1984ರಲ್ಲಿ ಮತ್ತೆ ಬಂತು. ಹೀಗೆ ಏಳುತ್ತ ಬೀಳುತ್ತ ಬಂದ ಸರಣಿಯಲ್ಲಿ 2023ರಲ್ಲಿ 'ಗಾಡ್ಜಿಲ್ಲಾ ಮೈನಸ್ ಒನ್' ಎಂಬ ಚಿತ್ರವನ್ನು ತಕಾಶಿ ಯಮಾಝಾಕಿ ಅವರು ತೆಗೆದರು. ಅದು ಯುದ್ಧ ಸೋತ ಜಪಾನಿನ ಕಥೆ. ಸಾಯಲು ಹೋಗಿ ಸಾಯದೆ ಮರಳಿದ ಒಬ್ಬ ಪೈಲಟ್‌ನ ನಾಚಿಕೆಯ ಕಥೆ. ದೃಶ್ಯಪರಿಣಾಮಗಳಿಗಾಗಿ ಅದಕ್ಕೆ ಆಸ್ಕರ್ ಕೂಡ ಬಂತು, ಆದರೆ ನನ್ನನ್ನು ಅಳಿಸಿದ್ದು ದೃಶ್ಯಪರಿಣಾಮವಲ್ಲ. ಎಪ್ಪತ್ತು ವರ್ಷದ ಸರಣಿಯಲ್ಲಿ ಇಷ್ಟು ಹೊಸ ಚಿತ್ರ ಬರಬಹುದಾದರೆ 'ಸಾಧ್ಯವಿಲ್ಲ' ಎಂಬ ಮಾತು ಅವಸರದ್ದಾಯಿತು.

ಬೆಟಗೇರಿ ಮಾಸ್ತರ (ಗದಗ)

ನಾನು ಸಿನಿಮಾ ಹೆಚ್ಚು ನೋಡಿದವನಲ್ಲ, ಮೂವತ್ತು ವರ್ಷ ಕನ್ನಡ ಕಲಿಸಿದವನು. ಆದರೂ ಈ ಪ್ರಶ್ನೆ ನಮ್ಮೂರಿನ ವೀರನಾರಾಯಣ ಗುಡಿಯ ಕಂಬದ ಬುಡದಲ್ಲೇ ಕೂತಿದೆ. ಅಲ್ಲಿ ಕೂತು ಬರೆದನೆಂದು ನಾವು ನಂಬುವ ಗದುಗಿನ ನಾರಣಪ್ಪ, ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕುತ್ತಿದ್ದಾನೆ, ಅಲ್ಲಿ ಕಾಲಿಡಲು ಸ್ಥಳವಿಲ್ಲ ಎಂದು ಹೇಳಿ ಭಾರತವನ್ನು ಆರಿಸಿಕೊಂಡ. ಅಂದರೆ ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿದರೆ ಜನ ದಣಿಯುತ್ತಾರೆ ಎಂಬ ಅರಿವು ಅವನಿಗೆ ಚೆನ್ನಾಗಿಯೇ ಇತ್ತು. ಆದರೆ ಅವನು ಆರಿಸಿಕೊಂಡ ಭಾರತವೇನು ಹೊಸ ಕಥೆಯೇ? 941ರಲ್ಲೇ ಪಂಪ ಅದನ್ನು ಹೇಳಿದ್ದ. ಅವನ ಬಳಿಕ ರನ್ನ, ಭೀಮ ದುರ್ಯೋಧನರ ಗದಾಯುದ್ಧದ ಒಂದೇ ಘಟ್ಟದಲ್ಲಿ ನಿಂತು, ಸಿಂಹ ಹಿಂದಿರುಗಿ ನೋಡುವಂತೆ ಇಡೀ ಭಾರತವನ್ನು ಹಿಂದಕ್ಕೆ ನೋಡಿದ್ದ. ಇಷ್ಟಾದ ಮೇಲೂ ಕುಮಾರವ್ಯಾಸನ ಪದ್ಯವನ್ನು ಗಮಕಿಗಳು ಓದಿದರೆ ನಮ್ಮ ಓಣಿಯ ಜನ ಇಂದಿಗೂ ಮೊದಲ ಸಲ ಕೇಳಿದಂತೆ ಕೇಳುತ್ತಾರೆ. ಕರ್ಣ ಸಾಯುತ್ತಾನೆ ಎಂಬುದು ಗೊತ್ತಿದ್ದೂ ಕರ್ಣಪರ್ವದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಕಥೆ ಗೊತ್ತಿರುವುದಕ್ಕೂ ಹಳಸುವುದಕ್ಕೂ ಸಂಬಂಧವಿಲ್ಲ. ಹೇಳುವವನಿಗೆ ತನ್ನದೆಂಬ ಮಾತು ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಕೊಪ್ಪಿಕರ ರಸ್ತೆಯವ

ಮಾಸ್ತರರೇ, ನಿಮ್ಮ ಮೇಲೆ ಬಹಳ ಗೌರವವಿದೆ, ಆದರೆ ಈ ಹೋಲಿಕೆ ನಿಲ್ಲುವುದಿಲ್ಲ. ಪಂಪ, ರನ್ನ, ಕುಮಾರವ್ಯಾಸ ಮೂವರೂ ಒಂದೇ ಕಥೆಯನ್ನು ತಮ್ಮ ತಮ್ಮ ರೀತಿಯಲ್ಲಿ ಪೂರ್ತಿಯಾಗಿ ಹೇಳಿದರು. ನಾವು ಮಾತನಾಡುತ್ತಿರುವುದು ಕಥೆಯನ್ನು ಮುಗಿಸದೆ ಎಳೆಯುವವರ ಬಗ್ಗೆ. ಮರುಕಥನ ಬೇರೆ, ಮುಂದುವರಿಕೆ ಬೇರೆ.

ಬೆಟಗೇರಿ ಮಾಸ್ತರ

ಆ ವ್ಯತ್ಯಾಸವನ್ನು ಒಪ್ಪಿಕೊಳ್ಳುತ್ತೇನೆ, ಮತ್ತು ನಿಮ್ಮ ಪರವಾಗಿಯೇ ಒಂದು ಸಾಕ್ಷ್ಯ ಕೊಡುತ್ತೇನೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಪೂರ್ತಿ ಮಾಡಿದ. ತಿಮ್ಮಣ್ಣನ ಶ್ರಮ ಸಣ್ಣದಲ್ಲ, ಆದರೆ ಗಮಕದ ಮಂಟಪದಲ್ಲಿ ಜನ ಕೇಳಬಯಸುವುದು ಮೊದಲ ಹತ್ತನ್ನು. ಉಳಿದುದನ್ನು ತುಂಬಿಸಲೆಂದು ಬರೆದದ್ದಕ್ಕೂ, ಹೇಳದೆ ಇರಲಾರೆ ಎಂದು ಬರೆದದ್ದಕ್ಕೂ ಇರುವ ಅಂತರ ಅದು.

ಹಳೆಯ ಆಪರೇಟರ್ (ಹುಬ್ಬಳ್ಳಿ)

ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದೇನೆ. ನೀವೆಲ್ಲ ಕಥೆಯ ಬಗ್ಗೆ ಬರೆದಿದ್ದೀರಿ, ನಾನು ಕಾಲದ ಬಗ್ಗೆ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಅರ್ಧ ಉತ್ತರ ಅಲ್ಲಿದೆ.

ಆಗ ಪ್ರಿಂಟುಗಳು ಕಡಿಮೆ ಇರುತ್ತಿದ್ದವು. ರೀಲಿನ ಡಬ್ಬಿಗಳು ಮೊದಲು ಬೆಂಗಳೂರು, ಮೈಸೂರು ಕಡೆ ಓಡಿ, ಆಮೇಲೆ ನಮ್ಮ ಭಾಗಕ್ಕೆ ಬಂದು, ಹುಬ್ಬಳ್ಳಿಯಲ್ಲಿ ಓಡಿದ ಮೇಲೆ ಗದಗ, ಹಾವೇರಿ, ರಾಣೇಬೆನ್ನೂರಿಗೆ ಹೋಗುತ್ತಿದ್ದವು. ಅಲ್ಲಿಂದ ಜಾತ್ರೆಯ ಟೂರಿಂಗ್ ಟಾಕೀಸಿಗೆ ಬರುವಾಗ ಪ್ರಿಂಟಿನ ತುಂಬ ಗೆರೆ ಬಿದ್ದಿರುತ್ತಿತ್ತು. ಒಂದು ಸಿನಿಮಾ ನೋಡಿದವನು ಅದನ್ನು ಮತ್ತೆ ನೋಡಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಅದರ ಮುಂದಿನ ಭಾಗ ಬರುವ ಹೊತ್ತಿಗೆ ಹಿಂದಿನದು ಅರ್ಧ ಮರೆತುಹೋಗಿರುತ್ತಿತ್ತು, ಉಳಿದರ್ಧವನ್ನು ಅವನೇ ಮನಸ್ಸಿನಲ್ಲಿ ಬೆಳೆಸಿಕೊಂಡಿರುತ್ತಿದ್ದ. ಆ ಹಸಿವಿನಿಂದ ಟಿಕೆಟ್ ಕಿಟಕಿಗೆ ಬರುತ್ತಿದ್ದ. ಈಗ ಎಲ್ಲ ಭಾಗಗಳೂ ಮೊಬೈಲಿನಲ್ಲಿ ಸಾಲಾಗಿ ನಿಂತಿರುತ್ತವೆ. ರಾತ್ರಿ ಕೂತು ಮೂರನ್ನು ಒಟ್ಟಿಗೆ ನೋಡಿದರೆ, ಒಂದೇ ಹೊಡೆದಾಟ, ಒಂದೇ ತಿರುವು, ಒಂದೇ ಸಂಗೀತ ಎಂಬುದು ಯಾರಿಗಾದರೂ ಕಾಣುತ್ತದೆ. ಪುನರಾವರ್ತನೆ ಆಗಲೂ ಇತ್ತು, ಅದನ್ನು ಅಳಿಸುವ ಮರೆವು ಇಂದು ಇಲ್ಲವಾಗಿದೆ.

ನಮ್ಮ ಮಾಲೀಕರು ಒಂದು ಮಾತು ಹೇಳುತ್ತಿದ್ದರು: "ಮೂರು ದಿನಾ ಹೆಸರು ಓಡಸ್ತೈತಿ, ನಾಕನೇ ದಿನದಿಂದ ಕಥಿ ಓಡಸಬೇಕು." ಸರಣಿ ಚಿತ್ರಕ್ಕೆ ಶುಕ್ರವಾರದಿಂದ ಭಾನುವಾರದವರೆಗೆ ಹೌಸ್‌ಫುಲ್ ಬೋರ್ಡು ಖಚಿತ. ಸೋಮವಾರದ ಮ್ಯಾಟಿನಿಗೆ ಬಾಲ್ಕನಿಯಲ್ಲಿ ಎಷ್ಟು ತಲೆಗಳಿವೆ ಎಂದು ನಾನು ಕಿಂಡಿಯಿಂದ ಎಣಿಸುತ್ತಿದ್ದೆ. ಚಿತ್ರ ನಿಲ್ಲುತ್ತದೋ ಬೀಳುತ್ತದೋ ಎಂಬುದು ನಮಗೆ ಪತ್ರಿಕೆಯ ವಿಮರ್ಶೆಗಿಂತ ಮೊದಲೇ ಗೊತ್ತಾಗುತ್ತಿತ್ತು.

ಕನ್ನಡದಲ್ಲಿ ಸರಣಿ ಹೊಸದೆಂದು ಹುಡುಗರು ತಿಳಿದಿದ್ದಾರೆ. ಅಣ್ಣಾವ್ರ ಸಿ.ಐ.ಡಿ. 999 ಮರೆಯಬಾರದು. ದೊರೈ-ಭಗವಾನ್ ಜೋಡಿ ಅದನ್ನು ಮೂರು ಚಿತ್ರಗಳಲ್ಲಿ ತಂದಿತು.

ರಾಣೇಬೆನ್ನೂರಿನ ಓದುಗಿ

ಆಪರೇಟರ್ ಕಾಕಾ ಅವರಿಗೆ ಒಂದು ಸಣ್ಣ ತಿದ್ದುಪಡಿ: ಮೂರಲ್ಲ, ನಾಲ್ಕು. 1968ರಲ್ಲಿ 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'.

ಆ ಚಿತ್ರಗಳು ನನಗೂ ಪ್ರೀತಿಯವು, ಆದರೆ ಅವುಗಳ ಹೊಸತನದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲನೆಯದರಲ್ಲಿ ಜಯಂತಿ, ಎರಡನೆಯದರಲ್ಲಿ ಲಕ್ಷ್ಮಿ, ಮೂರನೆಯದರಲ್ಲಿ ರೇಖಾ, ನಾಲ್ಕನೆಯದರಲ್ಲಿ ಪದ್ಮಪ್ರಿಯಾ. ನಾಯಕ ಪ್ರಕಾಶ್ ಅವನೇ, ನಾಯಕಿ ಮಾತ್ರ ಪ್ರತಿ ಸಲ ಬೇರೆ. ಬಾಂಡ್ ಚಿತ್ರಗಳಲ್ಲೂ ಇದೇ ಪದ್ಧತಿ. ಊರು, ಖಳನಾಯಕ ಮತ್ತು ಹೆಣ್ಣನ್ನು ಬದಲಿಸಿದರೆ ಸಿನಿಮಾ ಹೊಸದಾಗುತ್ತದೆ ಎಂದು ಆಗಿನವರು ನಂಬಿದ್ದರು. 1969ರ ಬಾಂಡ್ ಚಿತ್ರದ ಕೊನೆಯಲ್ಲಿ ಅವನ ಹೆಂಡತಿ ಮದುವೆಯ ದಿನವೇ ಗುಂಡಿಗೆ ಬಲಿಯಾಗುತ್ತಾಳೆ. ಮುಂದಿನ ಚಿತ್ರದಲ್ಲಿ ಅವಳ ಹೆಸರೂ ಬರುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡವನು ಹಾಗಿರುತ್ತಾನೆಯೇ?

ಅದೇ ಸರಣಿ 2002ರಲ್ಲಿ ಕಣ್ಣಿಗೆ ಕಾಣದ ಕಾರಿನ ಮಟ್ಟಿಗೆ ಬಂದು, ನಾಲ್ಕು ವರ್ಷ ಸುಮ್ಮನಿದ್ದು, 2006ರಲ್ಲಿ 'ಕ್ಯಾಸಿನೋ ರಾಯಲ್' ಆಗಿ ಮರಳಿದಾಗ ನನಗೆ ನಿಜಕ್ಕೂ ಹೊಸದೆನಿಸಿತು. ಕಾರಣ ಡೇನಿಯಲ್ ಕ್ರೇಗ್ ಎಂಬ ಹೊಸ ನಟ ಮಾತ್ರವಲ್ಲ. ಆ ಚಿತ್ರದಲ್ಲಿ ಅವನು ಪ್ರೀತಿಸಿದ ವೆಸ್ಪರ್ ಎಂಬ ಹೆಣ್ಣು ಸತ್ತ ನಂತರವೂ ಅವನೊಳಗೆ ಉಳಿಯುತ್ತಾಳೆ. ಹದಿನೈದು ವರ್ಷದ ನಂತರ, 2021ರ ಚಿತ್ರದಲ್ಲಿ, ಅವನು ಅವಳ ಗೋರಿಗೆ ಹೋಗುತ್ತಾನೆ. ನಾಯಕನಿಗೆ ನೆನಪು ಬಂತು, ವಯಸ್ಸಾಯಿತು, ಕೊನೆಗೆ ಸಾವೂ ಬಂತು. ನನ್ನ ಮಟ್ಟಿಗೆ ಸರಣಿಯನ್ನು ಹೊಸತಾಗಿ ಇಡುವುದು ಇದೊಂದೇ: ಹಿಂದಿನ ಭಾಗದಲ್ಲಿ ನಡೆದದ್ದು ಮುಂದಿನ ಭಾಗದಲ್ಲಿ ಮನುಷ್ಯನಿಗೆ ನೋವು ಕೊಡಬೇಕು.

ಸಾಧನಕೇರಿ ಪ್ರೇಕ್ಷಕ

ಅಕ್ಕನವರೇ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಆದರೆ ನನ್ನ ಮೊದಲ ದೂರೂ ನೆನಪಿನದ್ದೇ ಆಗಿತ್ತಲ್ಲ? ಹಿಂದಿನದೆಲ್ಲ ಗೊತ್ತಿದ್ದರೆ ಮಾತ್ರ ಅರ್ಥವಾಗುವ ಚಿತ್ರ ನನ್ನಂಥವನನ್ನು ಬಾಗಿಲಲ್ಲೇ ನಿಲ್ಲಿಸಿತು.

ರಾಣೇಬೆನ್ನೂರಿನ ಓದುಗಿ

ಪಾತ್ರದ ನೆನಪು ಬೇರೆ, ಪ್ರೇಕ್ಷಕನ ಮೇಲೆ ಹೇರುವ ಅಭ್ಯಾಸಪಾಠ ಬೇರೆ. ವೆಸ್ಪರ್ ಯಾರೆಂದು ಗೊತ್ತಿಲ್ಲದವರಿಗೂ ಗೋರಿಯ ಮುಂದೆ ನಿಂತ ಗಂಡಸಿನ ಮುಖ ಅರ್ಥವಾಗುತ್ತದೆ.

ಹಾವೇರಿ ವಿದ್ಯಾರ್ಥಿನಿ

ನಮ್ಮ ತಲೆಮಾರಿನ ಪರವಾಗಿ ಸ್ವಲ್ಪ ಹೇಳಬೇಕು. 2008ರ 'ಐರನ್ ಮ್ಯಾನ್'ನಿಂದ 2019ರ 'ಎಂಡ್‌ಗೇಮ್'ವರೆಗಿನ 22 ಮಾರ್ವೆಲ್ ಚಿತ್ರಗಳ ಜೊತೆಗೇ ನಾನು ಪ್ರಾಥಮಿಕ ಶಾಲೆಯಿಂದ ಕಾಲೇಜಿಗೆ ಬಂದೆ. ಆ ಅಭ್ಯಾಸಪಾಠ ನಮಗೆ ಭಾರವಾಗಿರಲಿಲ್ಲ, ಗೆಳತಿಯರೊಡನೆ ಮಾತನಾಡಲು ಸಿಗುತ್ತಿದ್ದ ಸಂತೋಷವಾಗಿತ್ತು. ಹದಗೆಟ್ಟದ್ದು 2021ರ ನಂತರ, ಚಿತ್ರಗಳ ಜೊತೆಗೆ ಓಟಿಟಿ ಧಾರಾವಾಹಿಗಳೂ ಸಾಲುಗಟ್ಟಿ ಬರತೊಡಗಿದಾಗ. ಹೀಗೆ ಸಂಖ್ಯೆ ಹೆಚ್ಚಿಸಿದ್ದರಿಂದ ಗಮನ ಚದುರಿತೆಂದು ಆಗ ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ 2023ರಲ್ಲಿ ಒಪ್ಪಿಕೊಂಡರು. 'ಎಂಡ್‌ಗೇಮ್'ನಲ್ಲಿ ನಮಗೊಂದು ಮುಕ್ತಾಯ ಸಿಕ್ಕಿತ್ತು, ಅತ್ತು ಮನೆಗೆ ಹೋಗಿದ್ದೆವು. ಅದು ಮುಕ್ತಾಯವೇ ಅಲ್ಲ ಎಂದು ಮರುವರ್ಷಗಳಲ್ಲಿ ಹೇಳಿದರು. ನನಗೆ ನೋವಾದದ್ದು ಅಲ್ಲಿ.

ಕುಂದಗೋಳದ ಕೇಳುಗ

ಹಿಂದುಸ್ತಾನಿ ಸಂಗೀತದ ಊರಿನವನಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಸವಾಯಿ ಗಂಧರ್ವರ ಶಿಷ್ಯರಾದ ಭೀಮಸೇನ ಜೋಶಿಯವರು ಕಛೇರಿಗಳಲ್ಲಿ ಆರಿಸಿಕೊಳ್ಳುತ್ತಿದ್ದ ರಾಗಗಳು ಹೆಚ್ಚಿರಲಿಲ್ಲ. ಅವೇ ಪೂರಿಯಾ, ಮುಲ್ತಾನಿ, ದರ್ಬಾರಿ. ಮಲ್ಲಿಕಾರ್ಜುನ ಮನಸೂರರು ಇದಕ್ಕೆ ತದ್ವಿರುದ್ಧ, ಅಪ್ರಚಲಿತ ರಾಗಗಳನ್ನು ಹುಡುಕಿ ಹಾಡಿದವರು. ಇಬ್ಬರಲ್ಲಿ ಯಾರು ಹೊಸಬರು ಎಂದು ಧಾರವಾಡ ಸೀಮೆಯಲ್ಲಿ ಯಾರೂ ಜಗಳವಾಡುವುದಿಲ್ಲ, ಇಬ್ಬರಿಗೂ ಕೈಮುಗಿಯುತ್ತಾರೆ. ಆದ್ದರಿಂದ ಬದಲಾವಣೆಯೇ ಹೊಸತನವೆಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಜಪಾನಿನ ಉದಾಹರಣೆಯೇ ಬಂದದ್ದರಿಂದ ಅಲ್ಲಿಯ ಇನ್ನೊಂದನ್ನು ಹೇಳುತ್ತೇನೆ. ಟೋರಾಸಾನ್ ಎಂಬ ಅಲೆಮಾರಿ ವ್ಯಾಪಾರಿಯ ಕಥೆಯನ್ನು 1969ರಿಂದ 1995ರವರೆಗೆ 48 ಚಿತ್ರಗಳಲ್ಲಿ ತೆಗೆದರು. ಎಲ್ಲದರಲ್ಲೂ ಕಿಯೋಶಿ ಅತ್ಸುಮಿ ಒಬ್ಬರೇ ನಾಯಕ, ಬಹುಪಾಲು ಎಲ್ಲವನ್ನೂ ನಿರ್ದೇಶಿಸಿದವರು ಯೋಜಿ ಯಮಾದಾ. ಕಥೆಯೂ ಒಂದೇ: ಅವನು ಊರಿಗೆ ಮರಳುತ್ತಾನೆ, ಮನೆಯವರೊಡನೆ ಜಗಳವಾಡುತ್ತಾನೆ, ಒಬ್ಬ ಹೆಣ್ಣಿಗೆ ಮನಸೋಲುತ್ತಾನೆ, ಪ್ರೀತಿ ಕೈಗೂಡದೆ ಮತ್ತೆ ಚೀಲ ಹಿಡಿದು ಹೊರಡುತ್ತಾನೆ. ಹೊಸ ವರ್ಷಕ್ಕೆ ಹಬ್ಬದಂತೆ ಅದು ಬರುತ್ತಿತ್ತು, ಜನ ಕುಟುಂಬ ಸಮೇತ ಹೋಗುತ್ತಿದ್ದರು. 1996ರಲ್ಲಿ ಅತ್ಸುಮಿ ತೀರಿಕೊಂಡಾಗ ಸರಣಿ ನಿಂತಿತು, ಆ ಪಾತ್ರಕ್ಕೆ ಬೇರೊಬ್ಬ ನಟನನ್ನು ತರಲಿಲ್ಲ. ನಮ್ಮ ಕಡೆ ಹಬ್ಬ ಜಾತ್ರೆಗೆ ಸಣ್ಣಾಟದವರು ಸಂಗ್ಯಾ ಬಾಳ್ಯಾ ಆಡಿದರೆ, ಮುಂದೇನಾಗುತ್ತದೆಂದು ತಿಳಿಯಲು ಯಾರೂ ಹೋಗುವುದಿಲ್ಲ. ಈ ಸಲ ಬಾಳ್ಯಾನ ಪಾತ್ರ ಯಾರದು, ಗಂಟಲು ಹೇಗಿದೆ ಎಂದು ನೋಡಲು ಹೋಗುತ್ತಾರೆ.

ಕೊಪ್ಪಿಕರ ರಸ್ತೆಯವ

ರಾಗಕ್ಕೆ ಕಥೆಯಿಲ್ಲ ಸ್ವಾಮಿ. ಅದನ್ನು ಮುಂದುವರಿಸುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಟೋರಾಸಾನ್ ವಿಷಯದಲ್ಲಿ ಒಂದು ಒಳ್ಳೆಯ ಅಂಶವಿದೆ: ಅಲ್ಲಿ ಪ್ರತಿ ಚಿತ್ರವೂ ತನ್ನಷ್ಟಕ್ಕೆ ಮುಗಿಯುತ್ತಿತ್ತು. ನಾನು ಕೇಳುವುದೂ ಅಷ್ಟೇ. ಕೊಟ್ಟ ಟಿಕೆಟ್ಟಿಗೆ ಒಂದು ಪೂರ್ತಿ ಕಥೆ ಕೊಡಿ.

ಗದಗ ಮುದ್ರಣದವ

ಎಲ್ಲರೂ ಹೊರಗಿನದನ್ನೇ ಹೇಳಿದಿರಿ. ನಮ್ಮ 'ಕೆ.ಜಿ.ಎಫ್.' ಮತ್ತು 'ಕಾಂತಾರ' ಈ ಮಾತಿಗೆ ಬಹಳ ಒಳ್ಳೆಯ ಜೋಡಿ. (ಕಥೆಯ ಕೊನೆ ಹೇಳುತ್ತಿದ್ದೇನೆ, ನೋಡದವರು ಮುಂದಕ್ಕೆ ಹೋಗಿರಿ.)

'ಕೆ.ಜಿ.ಎಫ್.' ಮೊದಲ ಅಧ್ಯಾಯ 2018ರ ಡಿಸೆಂಬರ್‌ನಲ್ಲಿ, ಎರಡನೆಯದು 2022ರ ಏಪ್ರಿಲ್‌ನಲ್ಲಿ ಬಂತು. ಮೊದಲನೆಯದರಲ್ಲಿ ಕಥೆ ಹೇಳುವವರು ಅನಂತ್ ನಾಗ್, ಎರಡನೆಯದರಲ್ಲಿ ಪ್ರಕಾಶ್ ರಾಜ್. ಆ ದನಿ ಬದಲಾದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ತಟ್ಟಿತು. ಆದರೆ ಚಿತ್ರ ತಾಯಿಗೆ ಕೊಟ್ಟ ಮಾತಿನಿಂದ ಶುರುವಾಗಿ ಚಿನ್ನದೊಡನೆ ಸಮುದ್ರ ಸೇರುವಲ್ಲಿಗೆ ಮುಗಿಯಿತು. ಅದೊಂದು ಪೂರ್ಣ ವೃತ್ತ. ಹಾಗಿದ್ದರೂ ಹೆಸರುಗಳ ನಂತರ ಮೂರನೆಯ ಅಧ್ಯಾಯದ ಸುಳಿವು ಇಟ್ಟರು. ನಾನು ಯಶ್ ಅವರ ಅಭಿಮಾನಿ, ಮೊದಲ ದಿನದ ಮೊದಲ ಆಟಕ್ಕೆ ಹೋದವನು, ಆದರೂ ಮನಸಾರೆ ಹೇಳುತ್ತೇನೆ: ಮುಳುಗಿದ ಹಡಗನ್ನು ಮೇಲೆತ್ತಬೇಡಿ.

'ಕಾಂತಾರ' ಬೇರೆ ದಾರಿ ಹಿಡಿಯಿತು. 2022ರ ಚಿತ್ರದಲ್ಲಿ ಶಿವ ಕಾಡಿನಲ್ಲಿ ಮರೆಯಾದ ಮೇಲೆ ರಿಷಬ್ ಶೆಟ್ಟಿಯವರು ಮುಂದಕ್ಕೆ ಹೋಗದೆ, 2025ರ ಅಕ್ಟೋಬರ್ 2ರಂದು ಬಂದ 'ಚಾಪ್ಟರ್ 1'ರಲ್ಲಿ ಕದಂಬರ ಕಾಲಕ್ಕೆ, ಹಿಂದಕ್ಕೆ ಹೋದರು. ಹಾನಗಲ್ಲಿನಲ್ಲೂ ಕದಂಬರ ಒಂದು ಶಾಖೆ ಆಳಿತ್ತು, ಹೀಗಾಗಿ ನಮ್ಮ ಸೀಮೆಯವರಿಗೆ ಆ ಹೆಸರು ಪರಕೀಯವಲ್ಲ. ಹಿಂದಿನ ಚಿತ್ರ ನೋಡದ ನನ್ನ ಅತ್ತೆಯವರಿಗೂ ಅದು ಅರ್ಥವಾಯಿತು. ಮೊದಲನೆಯದರಲ್ಲಿದ್ದ ಕೋಳಿ ಅಂಕ, ಹಂದಿ ಬೇಟೆ, ಸಣ್ಣ ಊರಿನ ಜಗಳಗಳ ಸಲಿಗೆ ಮಾತ್ರ ನನಗೆ ಈ ಅದ್ದೂರಿಯಲ್ಲಿ ಸಿಗಲಿಲ್ಲ. ಸರಣಿಯಾದ ಕೂಡಲೇ ಎಲ್ಲವೂ ದೊಡ್ಡದಾಗಲೇಬೇಕೆಂಬ ನಿಯಮ ಎಲ್ಲಿಂದ ಬಂತೋ ತಿಳಿಯದು.

ಹಳೆಯ ಆಪರೇಟರ್

ತಿದ್ದಿದ್ದಕ್ಕೆ ಓದುಗಿ ತಂಗಿಗೆ ಧನ್ಯವಾದಗಳು. 'ಡೈಮಂಡ್ ರಾಕೆಟ್' ಅನ್ನು ಮರೆತದ್ದು ನನ್ನ ತಪ್ಪು, ಅಣ್ಣಾವ್ರು ಇಂಗ್ಲಿಷ್ ಹಾಡು ಹಾಡಿದ್ದೂ ಅದರಲ್ಲೇ.

ಮುದ್ರಣದವರ ಕೊನೆಯ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಹೆಸರು ಗೆದ್ದ ಮೇಲೆ ಹಂಚಿಕೆದಾರರು ಮೊದಲಿಗಿಂತ ಹೆಚ್ಚಿನ ಮೊತ್ತದ ಮಿನಿಮಮ್ ಗ್ಯಾರಂಟಿ (ಚಿತ್ರ ಓಡಲಿ ಬಿಡಲಿ ಕೊಡಲೇಬೇಕಾದ ಹಣ) ಕೊಟ್ಟು ಹಕ್ಕು ಪಡೆಯುತ್ತಾರೆ. ಅಷ್ಟು ಹಣ ಮರಳಬೇಕಾದರೆ ಎಲ್ಲ ಭಾಷೆಯವರೂ, ಎಲ್ಲ ವಯಸ್ಸಿನವರೂ ಬರಬೇಕು. ಎಲ್ಲರೂ ಬರಬೇಕೆಂದಾಗ ಒಂದು ಊರಿನ ಸಣ್ಣ ಜಗಳ ಸಾಕಾಗುವುದಿಲ್ಲ, ಅರಮನೆ ಬೇಕು, ಸೈನ್ಯ ಬೇಕು. ನಿರ್ದೇಶಕ ಬಯಸಿದರೂ ಬಯಸದಿದ್ದರೂ ಚಿತ್ರ ಹಿಗ್ಗುತ್ತದೆ.

ಹಾವೇರಿ ವಿದ್ಯಾರ್ಥಿನಿ

ನಿರ್ದೇಶಕರ ಮಾತು ಬಂದದ್ದರಿಂದ ಹೇಳುತ್ತೇನೆ. 'ಮಿಷನ್ ಇಂಪಾಸಿಬಲ್' ಸರಣಿಯ ಮೊದಲ ಐದು ಚಿತ್ರಗಳಿಗೆ ಐವರು ಬೇರೆ ಬೇರೆ ನಿರ್ದೇಶಕರು, ಹೀಗಾಗಿ ಐದಕ್ಕೂ ಐದು ಬಗೆಯ ರುಚಿ. ಆಮೇಲೆ ಐದನೆಯವರೇ ಉಳಿದ ಮೂರನ್ನೂ ತೆಗೆದರು. 'ಏಲಿಯನ್' ಇನ್ನೂ ಸ್ಪಷ್ಟ. 1979ರ ರಿಡ್ಲಿ ಸ್ಕಾಟ್ ಚಿತ್ರ ಕತ್ತಲ ಮನೆಯ ಭಯದ ಕಥೆ, 1986ರ ಜೇಮ್ಸ್ ಕ್ಯಾಮರೂನ್ ಚಿತ್ರ ಯುದ್ಧದ ಕಥೆ, ಮಗುವನ್ನು ಕಾಪಾಡುವ ತಾಯ್ತನದ ಕಥೆ. ನಾಯಕಿ ಅವಳೇ, ಪ್ರಾಣಿ ಅದೇ, ಸಿನಿಮಾದ ಜಾತಿಯೇ ಬೇರೆ. ಕೊಪ್ಪಿಕರ ರಸ್ತೆಯ ಅಣ್ಣನವರು 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ನೋಡಿಲ್ಲವೆಂದು ಕಾಣುತ್ತದೆ. ಮೊದಲ ಚಿತ್ರ 1979ರದ್ದು, ಮೂರನೆಯದು 1985ರದ್ದು. ಮೂವತ್ತು ವರ್ಷದ ನಂತರ ಅದೇ ಜಾರ್ಜ್ ಮಿಲ್ಲರ್ ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ನಾಲ್ಕನೆಯದನ್ನು ಕೊಟ್ಟರು. ನೋಡಿ ಬನ್ನಿ, ಆಮೇಲೆ ಮಾತನಾಡೋಣ.

ಕೊಪ್ಪಿಕರ ರಸ್ತೆಯವ

ನಿನ್ನೆ ರಾತ್ರಿ ನೋಡಿದೆ ತಂಗಿ. ಹಿಂದಿನ ಮೂರನ್ನು ನೋಡದೆಯೇ ಕೂತೆ, ಒಂದು ನಿಮಿಷವೂ ಅಡ್ಡಿಯಾಗಲಿಲ್ಲ. ಹೋಗಿ ಹೋಗಿ ಮತ್ತೆ ಹೊರಟಲ್ಲಿಗೇ ತಿರುಗುವ ಆ ಪ್ರಯಾಣ, ಮಾತೇ ಇಲ್ಲದೆ ಎಲ್ಲವನ್ನೂ ತಿಳಿಸುವ ರೀತಿ, ಒಂದೇ ಕೈಯ ಆ ಹೆಣ್ಣು ಮರಳಿನಲ್ಲಿ ಮೊಣಕಾಲೂರಿ ಕೂಗುವುದು, ಇವನ್ನೆಲ್ಲ ನೋಡಿದ ಮೇಲೆ 'ಸಾಧ್ಯವಿಲ್ಲ' ಎಂದು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆದರೆ ನನ್ನ ಅರ್ಧ ವಾದ ಹಾಗೆಯೇ ನಿಂತಿದೆ. ಅದರ ಮುಂಚಿನ ಕಥೆಯಾಗಿ 2024ರಲ್ಲಿ ಬಂದ 'ಫ್ಯೂರಿಯೋಸಾ' ವಿಮರ್ಶಕರ ಮೆಚ್ಚುಗೆ ಪಡೆದರೂ ಹಾಕಿದ ಹಣಕ್ಕೆ ತಕ್ಕಂತೆ ಗಳಿಸಲಿಲ್ಲ. ಮೂವತ್ತು ವರ್ಷ ಕಾಯುವ ನಿರ್ದೇಶಕ ಸಿಕ್ಕರೂ, ಕಾಯುವ ನಿರ್ಮಾಪಕ ಗಾಂಧಿನಗರದಲ್ಲಿ ಎಲ್ಲಿದ್ದಾನೆ?

ಬೆಟಗೇರಿ ಮಾಸ್ತರ

ತೋಂಟದಾರ್ಯ ಜಾತ್ರೆಗೆ ಊರಿಗೆ ಬರುವ ಮೊಮ್ಮಗನ ಜೊತೆ ನಾನೂ ಆ ಜಪಾನಿನ ಗಾಡ್ಜಿಲ್ಲಾ ಚಿತ್ರವನ್ನು ನೋಡಬೇಕೆಂದಿದ್ದೇನೆ. ಮೊದಲು 1954ರದ್ದನ್ನು ನೋಡಬೇಕೋ, ನೇರವಾಗಿ 2023ರದ್ದನ್ನೋ?

ಹಾವೇರಿ ವಿದ್ಯಾರ್ಥಿನಿ

ನೇರವಾಗಿ 2023ರದ್ದನ್ನೇ ನೋಡಿರಿ ಮಾಸ್ತರರೇ, ಹಿಂದಿನದೇನೂ ತಿಳಿದಿರಬೇಕಿಲ್ಲ. ಆಮೇಲೆ 1954ರದ್ದನ್ನು ನೋಡಿದರೆ, ಅದು ಕಪ್ಪು-ಬಿಳುಪು ಎಂಬುದೂ ಮೊಮ್ಮಗನಿಗೆ ಬೇಸರವಾಗಲಾರದು.

ಸಾಧನಕೇರಿ ಪ್ರೇಕ್ಷಕ

ನಾನು ಇಂದು ಸಂಜೆ ಮಗಳಿಗೆ 'ಜೇಡರ ಬಲೆ' ತೋರಿಸುತ್ತಿದ್ದೇನೆ. ಅವಳು ಈಗಲೇ ಕೇಳುತ್ತಿದ್ದಾಳೆ, ಇದಕ್ಕೆ ಮುಂಚೆ ಏನಾದರೂ ನೋಡಬೇಕಿತ್ತೇ ಎಂದು. ಇಲ್ಲ ಎಂದಿದ್ದೇನೆ.